ಇಂಪ್ಲಾಂಟ್ ಸುತ್ತಲಿನ ಮೂಳೆ: ವರ್ಷಗಟ್ಟಲೆ ನಾನು ಏನು ನೋಡುತ್ತೇನೆ

ಹೋದ ಹಲ್ಲಿನ ಜಾಗದಲ್ಲಿ ದವಡೆ ಮೂಳೆಗೆ ಹಾಕುವ ಟೈಟಾನಿಯಂ ಸ್ಕ್ರೂವೇ ಇಂಪ್ಲಾಂಟ್. ಅದರ ಮೇಲೆ ಕ್ಯಾಪ್, ಅಂದರೆ ಕೃತಕ ಹಲ್ಲು, ಕೂರಿಸಿದ ದಿನ ಒಂದು ಎಕ್ಸ್‌ರೇ ತೆಗೆಯದೆ ನಾನು ಯಾರನ್ನೂ ಮನೆಗೆ ಕಳಿಸುವುದಿಲ್ಲ. ಮುಂದೆ ತೆಗೆಯುವ ಎಲ್ಲ ಎಕ್ಸ್‌ರೇಗಳನ್ನೂ ಹೋಲಿಸುವುದು ಇದರ ಜೊತೆಗೇ. ಇಂಪ್ಲಾಂಟ್‌ನ ಎರಡೂ ಬದಿಯ ಥ್ರೆಡ್‌ಗಳು, ಅಂದರೆ ಸ್ಕ್ರೂವಿನ ಸುರುಳಿ ಏಣುಗಳು, ಸ್ಪಷ್ಟವಾಗಿ ಕಾಣಬೇಕು. ಮಸುಕಾಗಿದ್ದರೆ ಕೋನ ತಪ್ಪಿದೆ ಎಂದರ್ಥ, ಇನ್ನೊಂದು ತೆಗೆಯುತ್ತೇನೆ. ಎರಡು ಥ್ರೆಡ್‌ಗಳ ನಡುವಿನ ಅಂತರ ಎಷ್ಟೆಂದು ತಯಾರಿಸಿದವರೇ ಹೇಳಿರುತ್ತಾರೆ. ಹಾಗಾಗಿ ಮೂಳೆ ಎಷ್ಟನೇ ಥ್ರೆಡ್‌ನಲ್ಲಿದೆ ಎಂದು ಎಣಿಸಿದರೆ ಅಳತೆ ಸಿಕ್ಕಿಬಿಡುತ್ತದೆ.

ಮೂಳೆ ಟೈಟಾನಿಯಂಗೆ ಒಮ್ಮೆ ಅಂಟಿಕೊಂಡರೆ ಮುಗಿಯಿತು ಎಂದು ತುಂಬ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಹಾಕಿದ ದಿನ ಇಂಪ್ಲಾಂಟ್ ಗಟ್ಟಿಯಾಗಿರುವುದು ಬರೀ ಸ್ಕ್ರೂವಿನ ಹಿಡಿತದಿಂದ. ಆಮೇಲೆ ದೇಹ ಆ ಹಳೆಯ ಮೂಳೆಯನ್ನು ಕರಗಿಸುತ್ತಾ ಹೊಸದನ್ನು ಕಟ್ಟುತ್ತದೆ. ಕರಗುವುದು ಮೊದಲು, ಕಟ್ಟುವುದು ಆಮೇಲೆ. ಅದಕ್ಕೇ ಮೂರು ನಾಲ್ಕನೇ ವಾರದ ಹೊತ್ತಿಗೆ ಹಿಡಿತ ಮೊದಲ ದಿನಕ್ಕಿಂತ ಕಡಿಮೆ ಇರುತ್ತದೆ. ತಮಾಷೆ ಅಂದರೆ, ನೋವು ಹೋಯಿತು ಎಂದು ರೋಗಿಗಳು ಆ ಕಡೆ ಅಗಿಯಲು ಶುರುಮಾಡುವುದೂ ಆಗಲೇ! ಆ ದಿನಗಳಲ್ಲಿ ನಾನು ಅದನ್ನು ಮುಟ್ಟಲು ಹೋಗುವುದಿಲ್ಲ. ಕ್ಯಾಪ್ ಕೂರಿಸಲು ಕೆಳದವಡೆಗೆ ಸಾಮಾನ್ಯವಾಗಿ ಮೂರು ತಿಂಗಳು, ಮೇಲ್ದವಡೆಯ ಹಿಂಭಾಗದ ಮೆತ್ತನೆ ಮೂಳೆಗೆ ಇನ್ನೂ ಜಾಸ್ತಿ ಕಾಯುತ್ತೇನೆ. ಡ್ರಿಲ್ ಮಾಡುವಾಗಲೂ ಅವಸರ ಇಲ್ಲ. ಸಲೈನ್ ಸುರಿಯುತ್ತಲೇ ಇರಬೇಕು, ಯಾಕೆಂದರೆ 47 ಡಿಗ್ರಿ ಬಿಸಿ ಒಂದು ನಿಮಿಷ ತಾಗಿದರೂ ಮೂಳೆಗೆ ಪೆಟ್ಟು.

ಮೊದಲ ವರ್ಷ ಮೇಲ್ಭಾಗದ ಮೂಳೆ ಒಂದು ಮಿಲಿಮೀಟರ್‌ನಷ್ಟು ಇಳಿದರೆ ನಾನು ಗಾಬರಿಯಾಗುವುದಿಲ್ಲ. ಆಮೇಲೆ ವರ್ಷಕ್ಕೆ 0.2 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು ಎಂದು ಇಂಪ್ಲಾಂಟ್ ಸಂಶೋಧಕ ಆಲ್ಬ್ರೆಕ್ಟ್‌ಸನ್ ಮತ್ತು ಅವರ ಜೊತೆಗಾರರು 1986ರಲ್ಲಿ ಹೇಳಿದ್ದರು. ಆದರೆ ಅಷ್ಟು ಸಣ್ಣ ಬದಲಾವಣೆ ಒಂದು ವರ್ಷದ ಎಕ್ಸ್‌ರೇಯಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ನಾಲ್ಕೈದು ವರ್ಷದವನ್ನು ಸಾಲಾಗಿ ಇಟ್ಟಾಗಲೇ ಗೊತ್ತಾಗುವುದು. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಇಂಪ್ಲಾಂಟ್ ಹಾಕಿದ ಮೊದಲ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಅವನ್ನೇ ಬಳಸಿದರು. ಮೂಳೆ ಅಷ್ಟು ಕಾಲ ನಿಲ್ಲಬಲ್ಲದು, ನಿಲ್ಲಲು ಬಿಟ್ಟರೆ.

ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರ ಇರುತ್ತದೆ. ಗಟ್ಟಿಯಾಗಿ ಕಚ್ಚಿದರೆ ಹಲ್ಲು ಸ್ವಲ್ಪ ಒಳಗೆ ಕೂರುತ್ತದೆ. ಇಂಪ್ಲಾಂಟ್‌ಗೆ ಆ ಪದರ ಇಲ್ಲ, ಕೂರುವ ಮಾತೂ ಇಲ್ಲ. ಅದಕ್ಕೆ ಕ್ಯಾಪ್ ಹೊಂದಿಸುವಾಗ ತೆಳು ಲೋಹದ ಹಾಳೆಯೊಂದನ್ನು ಇಟ್ಟು ನೋಡುತ್ತೇನೆ. ಮೆಲ್ಲಗೆ ಕಚ್ಚಿದಾಗ ಹಾಳೆ ಜಾರಿ ಬರಬೇಕು, ಬಲವಾಗಿ ಕಚ್ಚಿದಾಗ ಸಿಕ್ಕಿಕೊಳ್ಳಬೇಕು. ರಾತ್ರಿ ಹಲ್ಲು ಕಡಿಯುವವರಿಗೆ ನೈಟ್ ಗಾರ್ಡ್ ಕೊಡುತ್ತೇನೆ.

ಆದರೂ ನಾನು ನೋಡಿದಂತೆ ಮೂಳೆ ಕಳೆದುಕೊಂಡವರಲ್ಲಿ ಹೆಚ್ಚಿನವರಿಗೆ ತೊಂದರೆ ಶುರುವಾಗಿದ್ದು ವಸಡಿನ ಉರಿಯೂತದಿಂದ. ಕ್ಯಾಪ್ ಅಂಟಿಸಿದ ಸಿಮೆಂಟ್ ಚೂರು ಒಳಗೆ ಉಳಿದರೂ ಸಾಕು. ಆದಷ್ಟು ಸ್ಕ್ರೂನಿಂದ ಬಿಗಿಯುವ ಕ್ಯಾಪನ್ನೇ ನಾನು ಆರಿಸುವುದು ಈ ಕಾರಣಕ್ಕೆ. ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಜೊತೆಗಿದ್ದರೆ ಇನ್ನೂ ಕಷ್ಟ.

ಕೆಲವು ವರ್ಷ ಚೆಕಪ್ಪಿಗೆ ಬರದಿದ್ದ ಹಿರಿಯರೊಬ್ಬರು ಬಂದು, "ನೋವೂ ಇಲ್ಲ, ಅಲ್ಲಾಡೋದೂ ಇಲ್ಲ, ಎಕ್ಸ್‌ರೇ ಯಾಕೆ ಡಾಕ್ಟ್ರೇ?" ಎಂದರು. ತೆಗೆದು ನೋಡಿದರೆ ಮೇಲಿನ ಮೂರು ಥ್ರೆಡ್‌ಗಳ ಸುತ್ತ ಮೂಳೆಯೇ ಇಲ್ಲ, ತಟ್ಟೆಯಂತೆ ತಗ್ಗು ಬಿದ್ದಿದೆ. ಕೆಳಗೆ ಉಳಿದ ಮೂಳೆ ಬಿಗಿಯಾಗಿ ಹಿಡಿದಿರುವಾಗ ಇಂಪ್ಲಾಂಟ್ ಅಲ್ಲಾಡುವುದಿಲ್ಲ, ಅಲ್ವಾ? ಅಲ್ಲಾಡಿದ ದಿನ ತೆಗೆಯುವುದೊಂದೇ ದಾರಿ. ಹಾಗಾಗಿ ನಾನು ನಂಬುವ ಮೊದಲ ಸೂಚನೆ ರಕ್ತ. ವಸಡಿನ ಪಕ್ಕ ಪ್ರೋಬ್ ಎಂಬ ತೆಳುವಾದ ಅಳತೆ ಕಡ್ಡಿಯನ್ನು ಹಗುರವಾಗಿ ಇಳಿಸುತ್ತೇನೆ. ರಕ್ತ ಬಂದು, ಮೂಳೆ ಇನ್ನೂ ತನ್ನ ಜಾಗದಲ್ಲೇ ಇದ್ದರೆ ಚೆನ್ನಾಗಿ ಸ್ವಚ್ಛ ಮಾಡಿ, ಹಲ್ಲುಸಂದಿ ಬ್ರಷ್ ಹೇಗೆ ಬಳಸಬೇಕೆಂದು ತೋರಿಸಿ, ಮೂರು ತಿಂಗಳಿಗೆ ಮತ್ತೆ ಕರೆಯುತ್ತೇನೆ. ಆ ಹಂತದಲ್ಲಿ ವಸಡು ಪೂರ್ತಿ ಸರಿಹೋಗಬಹುದು. ಮೂಳೆ ಇಳಿದ ಮೇಲೆ ಅಷ್ಟು ಸುಲಭವಲ್ಲ. ಆ ಹಿರಿಯರಿಗೆ ವಸಡು ಬಿಡಿಸಿ ಥ್ರೆಡ್‌ಗಳನ್ನು ಉಜ್ಜಿ ಸ್ವಚ್ಛ ಮಾಡಬೇಕಾಯಿತು. ಹೋದ ಮೂಳೆ ಬರಲಿಲ್ಲ, ಇಳಿಯುವುದು ಮಾತ್ರ ನಿಂತಿದೆ.