ಎರಡನೇ ಪಟ್ಟಿ ಕಾಣದ ದಿನ

ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಎರಡು ಗಂಟೆ ಕೂತಿದ್ದೆ. ಹಣ್ಣಿನ ನೊಣದ ಭ್ರೂಣ ಚೆನ್ನಾಗೇ ಬೆಳೆಯುತ್ತಿತ್ತು. ಹಸಿರು ಚುಕ್ಕೆ ಮಾತ್ರ ಒಂದೂ ಇಲ್ಲ.

ನಾನು ಹುಡುಕುತ್ತಿದ್ದದ್ದು ಈವನ್-ಸ್ಕಿಪ್ಡ್ ಜೀನಿನ ಎರಡನೇ ಪಟ್ಟಿ. ಈ ಜೀನ್ ಭ್ರೂಣದಲ್ಲಿ ಅಡ್ಡಗೆರೆಗಳಂಥ ಏಳು ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಜೀನನ್ನು ಎಬ್ಬಿಸುವ ಅದರದೇ ಎನ್‌ಹಾನ್ಸರ್ ಇದೆ. ಜೀನಿನ ನಕಲು ಶುರುವಾಗುವ ಜಾಗವಾದ ಪ್ರಮೋಟರಿನಿಂದ ಸಾವಿರ ಚಿಲ್ಲರೆ ಅಕ್ಷರ ಆಚೆಗಿರುವ, ಸುಮಾರು 480 ಅಕ್ಷರದ ಡಿಎನ್‌ಎ ತುಂಡು ಅದು. ಬೈಕಾಯ್ಡ್, ಹಂಚ್‌ಬ್ಯಾಕ್ ಪ್ರೋಟೀನುಗಳು ಅದರ ಮೇಲೆ ಕೂತು ಜೀನನ್ನು ಎಬ್ಬಿಸುತ್ತವೆ. ತಲೆ ಕಡೆ ಜೈಂಟ್, ಬಾಲದ ಕಡೆ ಕ್ರುಪ್ಪೆಲ್ ಅಡ್ಡ ನಿಲ್ಲುತ್ತವೆ. ನಡುವೆ ಉಳಿದ ಸಂದಿಯೇ ಪಟ್ಟಿ.

ಆ ತುಂಡನ್ನೂ ಪ್ರಮೋಟರನ್ನೂ ಎಂಎಸ್‌2 ಅನ್ನುವ ಡಿಎನ್‌ಎ ಸಾಲಿನ ಮುಂದೆ ಜೋಡಿಸಿದ್ದೆ. ಜೀನ್ ಆರ್‌ಎನ್‌ಎಯಾಗಿ ನಕಲಾಗುವಾಗ ಆ ಆರ್‌ಎನ್‌ಎಯಲ್ಲಿ 24 ಕುಣಿಕೆ ಮೂಡುತ್ತವೆ. ಹಸಿರಾಗಿ ಹೊಳೆಯುವ ಎಂಸಿಪಿ ಪ್ರೋಟೀನ್ ಹೋಗಿ ಅವಕ್ಕೆ ಅಂಟಿದರೆ ಚುಕ್ಕೆ ಕಾಣುತ್ತದೆ. ಈ ಎಂಸಿಪಿಯನ್ನು ಮೊಟ್ಟೆಯಲ್ಲಿ ತುಂಬಿ ಕಳಿಸಬೇಕಾದವಳು ತಾಯಿ. ನಾನು ಅಪ್ಪನ ಕಡೆಯಿಂದ ತಂದಿದ್ದೆ! ಗಂಡು ಹೆಣ್ಣು ಅದಲುಬದಲು. ಸರಿ, ಬೆಳಿಗ್ಗೆ ಬೇಗ ಹೋಗಿ ವರ್ಜಿನ್ ಹೆಣ್ಣುಗಳನ್ನು ಆರಿಸುವ ಕೆಲಸ ಮತ್ತೆ ಮೊದಲಿಂದ.

ಎರಡನೇ ಸಲ ಆಪಲ್ ಜ್ಯೂಸ್ ಅಗರ್ ತಟ್ಟೆಯಿಂದ ಮೊಟ್ಟೆ ಎತ್ತಿ, ಅರ್ಧಕ್ಕರ್ಧ ನೀರು ಬೆರೆಸಿದ ಬ್ಲೀಚಿನಲ್ಲಿ ಎರಡು ನಿಮಿಷ ಅಲ್ಲಾಡಿಸಿದೆ. ಹೊರಸಿಪ್ಪೆ ಬಿಟ್ಟಿತು. ಹ್ಯಾಲೊಕಾರ್ಬನ್ ಎಣ್ಣೆಯಲ್ಲಿ ಕೂರಿಸಿದೆ, ಇಲ್ಲದಿದ್ದರೆ ಒಣಗಿ ಸುಕ್ಕಾಗುತ್ತದೆ. ಕೋಶಕೇಂದ್ರಗಳು ಇಬ್ಭಾಗವಾಗುತ್ತಾ ಬರುವ ಸುತ್ತುಗಳಲ್ಲಿ 14ನೆಯದು ಶುರುವಾಯಿತು. ಚುಕ್ಕೆಗಳು ಬಂದವು!

ಮೊದಲು ಅಗಲವಾಗಿ ಹರಡಿ, ಆಮೇಲೆ ನಿಧಾನಕ್ಕೆ ಒಂದು ಪಟ್ಟಿಗೆ ಒತ್ತಿಕೊಂಡವು. ಎನ್‌ಹಾನ್ಸರ್ ಅಂದರೆ ಸ್ವಿಚ್ಚು, ಒಮ್ಮೆ ಒತ್ತಿದರೆ ಉರಿಯುತ್ತಲೇ ಇರುತ್ತದೆ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಚೋಕ್ ಕೆಟ್ಟ ಟ್ಯೂಬ್‌ಲೈಟ್ ಥರ! ಒಂದು ಚುಕ್ಕೆ ಕೆಲವು ನಿಮಿಷ ಉರಿದು ಆರುತ್ತದೆ, ಪಕ್ಕದ್ದು ಆಗಷ್ಟೇ ಹೊತ್ತಿಕೊಳ್ಳುತ್ತದೆ.

ಆಮೇಲೆ ಪ್ರಮೋಟರಿನ ಟಾಟಾ ಬಾಕ್ಸ್, ಅಂದರೆ TATA ಅಂತ ಬರುವ ಅಕ್ಷರಗಳ ಸಾಲು, ಕೆಡಿಸಿ ನೋಡಿದೆ. ಪಟ್ಟಿ ಇದ್ದ ಜಾಗ ಬಿಟ್ಟು ಕದಲಲಿಲ್ಲ, ಚುಕ್ಕೆಗಳು ಮಂಕಾದವು ಅಷ್ಟೆ. ಎಲ್ಲಿ, ಯಾವಾಗ ಅನ್ನುವುದು ಎನ್‌ಹಾನ್ಸರಿನ ಮಾತು. ಅದಕ್ಕೆ ಎಷ್ಟು ಜೋರಾಗಿ ಓಗೊಡಬೇಕು ಅನ್ನುವುದರಲ್ಲಿ ಪ್ರಮೋಟರಿನ ಪಾಲೂ ಇದೆ, ಅಲ್ವಾ?

ಇನ್ನೊಂದು ಪೇಚು ಹೇಳಲೇಬೇಕು. ಬಾಲದ ಕಡೆ ಮಂಕಾಗಿ ಮತ್ತೊಂದು ಪಟ್ಟಿ ಕಾಣುತ್ತಿತ್ತು. ನೊಣಗಳು ಕಲಬೆರಕೆಯಾಗಿವೆ ಅಂತ ಗಾಬರಿಯಾದೆ. ಸೀನಿಯರ್ ನೋಡಿ ನಕ್ಕರು: "ಏಳನೇ ಪಟ್ಟಿ ಕಣೋ ಅದು. ಆ ತುಂಡಿನ ಹಳೇ ಚಾಳಿ." ಅಷ್ಟರಲ್ಲಿ ಎರಡು ಬಾಟಲಿ ನೊಣ ಎಸೆದಾಗಿತ್ತು.