ಟೊಪೊಲಿನೊ ಕಾರಿನ ಬಾಡಿಯೊಳಗೆ ಜಿಪ್ಸಿ ಎಂಜಿನ್: ಮೂರು ವರ್ಷ, ನಾಲ್ಕು ಲಕ್ಷ

ಅಕ್ಕಿ ಗಿರಣಿಯ ವೇಬ್ರಿಡ್ಜ್ ಚೀಟಿಯನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿಟ್ಟಿದ್ದೇನೆ. ಹಳೇ ಫಿಯೆಟ್ ಟೊಪೊಲಿನೊ ಬಾಡಿಯೊಳಗೆ ಮಾರುತಿ ಜಿಪ್ಸಿ ಎಂಜಿನ್ ಕೂರಿಸಿ ನಾನು ಕಟ್ಟಿದ ಕಾರಿನ ತೂಕ ಅದರಲ್ಲಿದೆ: 620 ಕೆಜಿ. ಐದು ಲೀಟರ್ ಪೆಟ್ರೋಲ್ ಸೇರಿದೆ, ನಾನು ಸೇರಿಲ್ಲ. ಇದೇ ಎಂಜಿನ್ ಜಿಪ್ಸಿಯಲ್ಲಿ ಹತ್ತಿರ ಹತ್ತಿರ ಒಂದು ಟನ್ ಎಳೆಯುತ್ತದೆ. ಈ ಚೀಟಿ ನೋಡಿದ ಮೇಲೆ ನಮ್ಮ ಭಾವ ಸುಮ್ಮನಾದರು. ಅಲ್ಲಿಯವರೆಗೆ ಮೂರು ವರ್ಷ ಒಂದೇ ಮಾತು: "ಇಲಿ ಬೋನಿನಲ್ಲಿ ಹುಲಿ ಕೂಡಿಹಾಕೋಕೆ ಹೊರಟಿದ್ದೀಯಲ್ಲೋ."

ಇಲಿ ಅಂದಿದ್ದು ತಪ್ಪೇನಲ್ಲ. ಟೊಪೊಲಿನೊ ಅಂದರೆ ಇಟಲಿಯವರ ಮಾತಿನಲ್ಲಿ ಇಲಿಮರಿಯೇ. ಫಿಯೆಟ್ 500, 1936ರಿಂದ 1955ರವರೆಗೆ ಬಂದ ಗಾಡಿ. 569 ಸಿಸಿ, ಶುರುವಿನಲ್ಲಿ 13 ಕುದುರೆ ಶಕ್ತಿ. ನನಗೆ ಸಿಕ್ಕಿದ್ದು ಸಕಲೇಶಪುರದ ಕಡೆ ಒಂದು ತೋಟದಲ್ಲಿ. ಎಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ, ಆರ್‌ಸಿ ಇಲ್ಲ, ನೆಲ ಪೂರ್ತಿ ತುಕ್ಕು. ಒಳಗೆ ಹನ್ನೊಂದು ಕೋಳಿ. ಆ ಬಾಡಿಯನ್ನು 42 ಸಾವಿರಕ್ಕೆ ಕೊಂಡೆ. ಜೊತೆಗೆ ಆ ಮನೆಯ ಅಜ್ಜಿ ಒಂದು ಷರತ್ತು ಹಾಕಿದರು, ಬೇರೆ ಕೋಳಿಗೂಡು ಕಟ್ಟಿಸಿಕೊಡಬೇಕು ಅಂತ. ಅದಕ್ಕೆ ಇನ್ನೊಂದು ಆರು ಸಾವಿರ ಹೋಯಿತು. ಹಳೇ ಗಾಡಿ ಕತ್ತರಿಸಿದ್ದಕ್ಕೆ ಬೈಯುವವರು ಇದ್ದಾರೆ, ಗೊತ್ತು. ಪೂರ್ತಿ ಗಾಡಿ ಸಿಕ್ಕಿದ್ದರೆ ನಾನೂ ಕೈ ಹಚ್ಚುತ್ತಿರಲಿಲ್ಲ. ಅಮೆರಿಕದ ಡ್ರ್ಯಾಗ್ ರೇಸಿನವರು ಐವತ್ತು, ಅರವತ್ತರ ದಶಕದಲ್ಲೇ ಇದೇ ಗಾಡಿಯ ಬಾಡಿಯೊಳಗೆ ಎಂಟು ಸಿಲಿಂಡರಿನ ವಿ8 ಎಂಜಿನ್ ತುರುಕಿ ಓಡಿಸಿದ್ದಾರೆ. ಅವರ ಮುಂದೆ ನಾನು ಸಾಧು ಮನುಷ್ಯ.

ಮೊದಲ ಪೆದ್ದತನ ಎಂಜಿನ್‌ನಿಂದ ಶುರುಮಾಡಿದ್ದು. ಅಂಬಾಸಡರ್‌ನ ಇಸುಜು 1.8 ಎಂಜಿನ್ ಒಂದು 38 ಸಾವಿರಕ್ಕೆ ಬಂತು. ಅಗ್ಗ ಅಂತ ತಂದುಬಿಟ್ಟೆ. ಅದನ್ನು ಕೂರಿಸಿ, ಉಳಿದ ಜಾಗದಲ್ಲಿ ಸೀಟು ಇಟ್ಟರೆ ನನ್ನ ಬೆನ್ನು ಹಿಂದಿನ ಗಾಜಿಗೆ, ಮೊಣಕಾಲು ಸ್ಟಿಯರಿಂಗಿಗೆ. ಬಾಗಿಲು ಹಾಕಿದರೆ ಮೊಣಕಾಲೇ ಹಾರ್ನ್ ಒತ್ತುತ್ತಿತ್ತು. ಮೂತಿಯ ಭಾರ ಬೇರೆ. ಎಂಟು ತಿಂಗಳು ಅದರ ಜೊತೆ ಗುದ್ದಾಡಿ 21 ಸಾವಿರಕ್ಕೆ ಮಾರಿದೆ.

ಆಮೇಲೆ ಹೊಳೆದಿದ್ದು ಇಷ್ಟೇ. ಇಷ್ಟು ಚಿಕ್ಕ ಗಾಡಿಯಲ್ಲಿ ಎಂಜಿನ್‌ಗಿಂತ ದೊಡ್ಡ ಸಾಮಾನು ಅಂದರೆ ಡ್ರೈವರ್. ನಾನು ಐದಡಿ ಹತ್ತಿಂಚು, 84 ಕೆಜಿ. ನನ್ನನ್ನಂತೂ ಕತ್ತರಿಸೋಕೆ ಆಗಲ್ಲ. ಹಾಗಾಗಿ ಬಾಡಿಯನ್ನು ಚೈನ್ ಬ್ಲಾಕಿನಲ್ಲಿ ಶೆಡ್ಡಿನ ತೊಲೆಗೆ ನೇತುಹಾಕಿದೆ. ಕೆಳಗೆ ನೆಲದ ಮೇಲೆ ಒಂದು ಹಲಗೆ, ಅದರ ಮೇಲೆ ಅರ್ಧ ತುಂಬಿದ ಹೊಟ್ಟಿನ ಚೀಲ, ಅದರ ಮೇಲೆ ನಾನು. ಕೈಯಲ್ಲಿ ಸ್ಟಿಯರಿಂಗ್ ಚಕ್ರ. ಮೇಸ್ತ್ರಿ ಬಾಡಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ನನ್ನ ತಲೆ, ಭುಜ, ಮೊಣಕಾಲು, ಹಿಮ್ಮಡಿ ಎಲ್ಲಿ ಬರುತ್ತವೆ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ.

"ಸಾರ್, ಗಾಡಿ ಮಾಡ್ತಿದ್ದೀವಾ, ಟೈಲರ್ ಅಂಗಡಿ ಇಟ್ಟಿದ್ದೀವಾ?" ಅಂದ.

ಅಂದರೆ ಅನ್ನಲಿ. ಆ ಸೀಮೆಸುಣ್ಣದ ಗುರುತಿನಿಂದಲೇ ಇಡೀ ಗಾಡಿ ಬಂತು. ಮನುಷ್ಯನಿಗೆ ಬಿಟ್ಟು ಉಳಿದ ಜಾಗ ಅಳೆದು, ಅದಕ್ಕೆ ಹೊಂದುವ ಎಂಜಿನ್ ಹುಡುಕಿದೆ.

ಹೊಂದಿದ್ದು ಜಿಪ್ಸಿಯ 1.3 ಲೀಟರ್ ಎಂಪಿಎಫ್ಐ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವ ಎಂಜಿನ್. ಹೊಸದರಲ್ಲಿ ಕಂಪನಿ 80 ಕುದುರೆ ಅನ್ನುತ್ತಿತ್ತು, ನನ್ನದು ಎಪ್ಪತ್ತು ಕೊಟ್ಟರೆ ಹೆಚ್ಚು. ಗೇರ್‌ಬಾಕ್ಸ್ ಸೇರಿ 55 ಸಾವಿರ. ಇದರ ಚೆಂದ ಏನು ಅಂದರೆ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸ್ ಬೇರೆಯೇ ಇರುತ್ತದೆ, ಗೇರ್‌ಬಾಕ್ಸಿಗೂ ಅದಕ್ಕೂ ನಡುವೆ ಒಂದು ಗಿಡ್ಡ ಶಾಫ್ಟ್. ಆ ಕೇಸನ್ನೇ ಕಿತ್ತುಹಾಕಿ ಗೇರ್‌ಬಾಕ್ಸಿನಿಂದ ನೇರ ಹಿಂದಿನ ಆಕ್ಸೆಲ್‌ಗೆ ಶಾಫ್ಟ್ ಕೊಟ್ಟೆ. ಭಾರವೂ ಉಳಿಯಿತು, ಜಾಗವೂ ಉಳಿಯಿತು. ಸ್ಪೀಡೋಮೀಟರ್ ಕೇಬಲ್ ಮಾತ್ರ ಆ ಕೇಸಿನಿಂದಲೇ ಬರುವುದು, ಅದು ಹೋಯಿತು. ಈಗ ವೇಗ ನೋಡಲು ಮೊಬೈಲೇ ಗತಿ. ಹಿಂದಿನ ಆಕ್ಸೆಲ್ ಓಮ್ನಿಯದು, ಲೀಫ್ ಸ್ಪ್ರಿಂಗ್ ಸಮೇತ ಏಳು ಸಾವಿರ. ಜಿಪ್ಸಿ ಆಕ್ಸೆಲ್ ತೀರಾ ಅಗಲ, ಮಡ್‌ಗಾರ್ಡ್ ದಾಟಿ ಹೊರಗೆ ಬರುತ್ತಿತ್ತು.

ಚಾಸಿಗೆ, ಅಂದರೆ ಇಡೀ ಗಾಡಿ ಹೊರುವ ಕೆಳಗಿನ ಚೌಕಟ್ಟಿಗೆ, ಮೂರು ಇಂಚು ಒಂದೂವರೆ ಇಂಚಿನ ಆಯತ ಪೈಪ್, 3 ಎಂಎಂ ದಪ್ಪ. ಮೊದಲನೆಯದನ್ನು ಒಂದೇ ದಿನ ಕೂತು ಬೆಸೆದೆ. ಮಾರನೇ ದಿನ ದಾರ ಕಟ್ಟಿ ಅಳೆದರೆ ಮೂಲೆಯಿಂದ ಮೂಲೆಗೆ ಹನ್ನೊಂದು ಎಂಎಂ ವ್ಯತ್ಯಾಸ. ಗುಜರಿಗೆ. ಎರಡನೆಯದನ್ನು ಐ-ಬೀಮಿಗೆ ಬಿಗಿದು, ದಿನಕ್ಕೆ ಇಷ್ಟೇ ಅಂತ ಬೆಸೆದೆ. ಯಾವ ಜಾಯಿಂಟ್ ಆದ ಮೇಲೆ ಯಾವುದು ಅನ್ನುವುದರಲ್ಲೇ ಎಲ್ಲಾ ಇದೆ. ಆ ಕ್ರಮ ಬರೆದಿಟ್ಟ ಚೀಟಿ ಮೇಸ್ತ್ರಿಯ ಜೇಬಿನಲ್ಲಿದೆ, ಅಲ್ಲೇ ಇರಲಿ.

ನಿಜವಾಗಿ ನಿದ್ದೆ ಕೆಡಿಸಿದ್ದು ಮುಂಭಾಗ. ಪ್ರೀಮಿಯರ್ ಪದ್ಮಿನಿ ಕಾರಿನ ವಿಶ್‌ಬೋನ್ (ಚಕ್ರ ಹಿಡಿಯುವ ಕವಲು ತೋಳು) ಸಸ್ಪೆನ್ಷನ್ ತಂದು, ಅದನ್ನು ಹೊರುವ ಅಡ್ಡತೊಲೆಯನ್ನು ಸುಮಾರು 90 ಎಂಎಂ ಗಿಡ್ಡ ಮಾಡಿ ಹಾಕಿದೆ. ಸ್ಟಿಯರಿಂಗ್‌ಗೆ ಮಾರುತಿ 800ರ ಹಲ್ಲಿನ ಸರಳು, ಅಂದರೆ ರ‍್ಯಾಕ್. ಎರಡೂ ಒಳ್ಳೆಯ ಸಾಮಾನು. ಆದರೆ ಒಂದಕ್ಕೊಂದು ಆಗಿಬರಲಿಲ್ಲ. ನಲವತ್ತರ ವೇಗದವರೆಗೆ ಹಸುವಿನ ಹಾಗೆ ಹೋಗುತ್ತಿತ್ತು. ಅರವತ್ತಕ್ಕೆ ಒಂದು ಸಣ್ಣ ಉಬ್ಬು ಸಿಕ್ಕರೆ ಸಾಕು, ಸ್ಟಿಯರಿಂಗ್ ಅಲ್ಲಾಡದಿದ್ದರೂ ಗಾಡಿ ಎಡಕ್ಕೆ ನೆಗೆಯುತ್ತಿತ್ತು. ಒಂದು ಸಲ ಹುರುಳಿ ಹೊಲಕ್ಕೇ ಹೋಗಿದ್ದೇನೆ. ಹೊಲದವರಿಗೆ ಎರಡು ಸಾವಿರ.

ಎಲ್ಲರೂ ಅಲೈನ್‌ಮೆಂಟ್ ಅಂದರು. ಮೂರು ಸಲ ಮಾಡಿಸಿದೆ. ಕೊನೆಗೆ ಸ್ಪ್ರಿಂಗ್ ಬಿಚ್ಚಿ, ಜಾಕಿಯಲ್ಲಿ ಚಕ್ರವನ್ನು ಮೇಲೆ ಕೆಳಗೆ ಮಾಡುತ್ತಾ, ಹಬ್ಬಿಗೆ ಒಂದು ಉದ್ದ ಹಲಗೆ ಕಟ್ಟಿ ಅದರ ಎರಡು ತುದಿ ಎಷ್ಟು ಸರಿಯುತ್ತವೆ ಅಂತ ನೋಡಿದೆ. ಚಕ್ರ ಎರಡೂವರೆ ಇಂಚು ಎದ್ದರೆ ಟೋ, ಅಂದರೆ ಚಕ್ರದ ಮೂತಿ ಒಳಗೆ ಹೊರಗೆ ನೋಡುವ ಲೆಕ್ಕ, ಒಂಬತ್ತು ಎಂಎಂ ತಿರುಗುತ್ತಿತ್ತು! ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ಸರಳು, ಟೈರಾಡ್, ಒಂದು ಕಮಾನಿನಲ್ಲಿ ಓಡಾಡುತ್ತಿತ್ತು, ವಿಶ್‌ಬೋನ್ ಇನ್ನೊಂದರಲ್ಲಿ. ರ‍್ಯಾಕನ್ನು ಮೇಲೆತ್ತಿ, ಟೈರಾಡಿನ ಒಳಗಿನ ಜಾಯಿಂಟನ್ನು ವಿಶ್‌ಬೋನ್ ಪಿನ್ನಿನ ಸಾಲಿಗೆ ತಂದ ಮೇಲೆ ಒಂದು ಎಂಎಂಗಿಂತ ಕಡಿಮೆ ಆಯಿತು. ರ‍್ಯಾಕ್ ಕತ್ತರಿಸಿ ಬೆಸೆಯಲಿಲ್ಲ, ನೀವೂ ಆ ಕೆಲಸ ಮಾಡಬೇಡಿ, ಜೀವದ ಪ್ರಶ್ನೆ. ಬ್ರಾಕೆಟ್ ಹೇಗೆ ಮಾಡಿದೆ ಅನ್ನುವುದನ್ನು ಗ್ಯಾರೇಜಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಬರುವಾಗ ಬೋಂಡ ತನ್ನಿ.

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸೆಲ್‌ಗೆ ಕೊಟ್ಟ ಪ್ರೊಪೆಲ್ಲರ್ ಶಾಫ್ಟಿನದು ಇನ್ನೊಂದು ಕಥೆ. ಒಂದು ಲೇತ್ ಅಂಗಡಿಯಲ್ಲಿ ಗಿಡ್ಡ ಮಾಡಿಸಿದೆ. ಎಪ್ಪತ್ತು ದಾಟಿದರೆ ಕನ್ನಡಿಯಲ್ಲಿ ಒಂದು ಮರ ಎರಡಾಗಿ ಕಾಣುವಷ್ಟು ನಡುಕ. ಬ್ಯಾಲೆನ್ಸಿಂಗ್‌ಗೆ ಸಾವಿರದೆಂಟುನೂರು, ಶಾಫ್ಟಿನ ತುದಿಯ ಹೊಸ ಕ್ರಾಸ್ ಜಾಯಿಂಟ್‌ಗಳಿಗೆ ಸಾವಿರದಿನ್ನೂರು ದಂಡ. ಒಂದು ಸಂಜೆ ಶಾಫ್ಟನ್ನು ಬೆಂಚಿನ ಮೇಲಿಟ್ಟು ಟೀ ಕುಡಿಯುತ್ತಾ ನೋಡುತ್ತಿದ್ದೆ. ಈ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಮಲಗಿದೆ, ಆ ತುದಿಯದು ಅರ್ಧಂಬರ್ಧ ಎದ್ದು ನಿಂತಿದೆ. ಎರಡೂ ಒಂದೇ ನೇರದಲ್ಲಿರಬೇಕು, ಅಲ್ವಾ? ಬೆಸೆಯುವಾಗ ತಿರುಚಿಬಿಟ್ಟಿದ್ದರು. ಕತ್ತರಿಸಿ, ಸರಿಮಾಡಿ, ಮತ್ತೆ ಬೆಸೆಸಿದ್ದಕ್ಕೆ ಐನೂರು. ನಡುಕ ಮಾಯ.

ಮಧ್ಯೆ ಒಂದು ಹುಚ್ಚು. ನಾನು ಮೈಸೂರಿನವನು, ಯೆಜ್ಡಿ ಬೈಕ್ ಫ್ಯಾಕ್ಟರಿ ಇದ್ದ ಊರು. ಮನೆಯಲ್ಲಿ ಹಳೇ ರೋಡ್‌ಕಿಂಗ್ ಕಾರ್ಬ್ಯುರೇಟರ್‌ಗಳು ಬಿದ್ದಿದ್ದವು. ಎರಡನ್ನು ಕೈಯಲ್ಲೇ ಮಾಡಿದ ಮ್ಯಾನಿಫೋಲ್ಡಿಗೆ ಹಾಕಿ ಜಿಪ್ಸಿ ಎಂಜಿನ್‌ಗೆ ಕೂರಿಸಿದೆ. ಸದ್ದು ಆಹಾ! ಆದರೆ ಐಡ್ಲಿಂಗ್ ನಿಲ್ಲಲೇ ಇಲ್ಲ, ಬೆಳಿಗ್ಗೆ ಸರಿ ಮಾಡಿದ್ದು ಮಧ್ಯಾಹ್ನಕ್ಕೆ ಕೆಡುತ್ತಿತ್ತು. ಒಂದು ಲೀಟರಿಗೆ ಆರೋ ಏಳೋ ಕಿಲೋಮೀಟರ್. ಒಂದೂವರೆ ತಿಂಗಳ ನಂತರ ಇಂಜೆಕ್ಷನ್ ಮತ್ತು ಅದನ್ನು ನಡೆಸುವ ಕಂಪ್ಯೂಟರ್, ಇಸಿಎಂ, ವಾಪಸ್ ಹಾಕಿದೆ. ಆ ಮ್ಯಾನಿಫೋಲ್ಡ್ ಈಗ ಪೆನ್ನು ಸ್ಟ್ಯಾಂಡ್.

ಬಿಸಿಯ ತೊಂದರೆಯನ್ನು ಚುಟುಕಾಗಿ ಹೇಳುತ್ತೇನೆ. ಗ್ರಿಲ್ ಕಿರಿದು, ರೇಡಿಯೇಟರ್ ಎಂಜಿನ್‌ಗಿಂತ ತಗ್ಗಿನಲ್ಲಿ. ಗಾಳಿ ಮೇಲೆ ಸಿಕ್ಕಿಕೊಂಡು ಕುದಿಯುತ್ತಿತ್ತು. ಎತ್ತರದಲ್ಲಿ ಒಂದು ನೀರು ತುಂಬುವ ಡಬ್ಬ ಕೂರಿಸಿದೆ, ಕುದಿಯುವುದು ನಿಂತಿತು.

ಇದನ್ನು ರಸ್ತೆಗೆ ತರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ, ಇದಕ್ಕೆ ಆರ್‌ಸಿಯೂ ಇಲ್ಲ. ಟಾಟಾ ಏಸ್ ಮೇಲೆ ಹೇರಿಕೊಂಡು ನಂಜನಗೂಡಿನ ಕಡೆ ಪರಿಚಯದವರ ಲೇಔಟಿಗೆ ಹೋಗುತ್ತೇನೆ. ಸೈಟು ಮಾರಾಟವಾಗದೆ ಬಿದ್ದಿರುವ ಜಾಗ, ಗೇಟು ಹಾಕಿದರೆ ಆರುನೂರು ಮೀಟರ್ ನೇರ ರಸ್ತೆ. ಅಲ್ಲಿ 400 ಮೀಟರಿಗೆ ಹದಿನಾರೂವರೆ ಸೆಕೆಂಡ್ ಬಂತು, ಮೊಬೈಲ್ ಲೆಕ್ಕ. ಭಾವನೇ ಮೊಬೈಲ್ ಹಿಡಿದಿದ್ದರು. ಎರಡನೇ ಸಲ ಓಡಿಸು ಅಂದರು, ನಂಬಿಕೆ ಬರಲಿಲ್ಲವಂತೆ. ಎರಡನೇ ಸಲ ಹದಿನಾರು ಪಾಯಿಂಟ್ ಮೂರು.

ಒಟ್ಟು ಖರ್ಚು ನಾಲ್ಕು ಲಕ್ಷದ ಹತ್ತಿರ. ಟಿಂಕರಿಂಗ್ ಒಂದೇ ಅರವತ್ತು ಸಾವಿರ ನುಂಗಿತು, ತಪ್ಪಿಗೆ ಕಟ್ಟಿದ್ದು ಇನ್ನೊಂದು ಅರವತ್ತು ಇರಬಹುದು. ಮನೆಯಲ್ಲಿ ಹೇಳಿರುವುದು ಎರಡೂವರೆ. ಪೇಂಟ್ ಇನ್ನೂ ಆಗಿಲ್ಲ, ಬೂದು ಪ್ರೈಮರಿನಲ್ಲೇ ಇದೆ. ಅದಕ್ಕಿಂತ ಮುಂಚೆ ಹಿಂದಿನ ಆಕ್ಸೆಲ್ ನೋಡಬೇಕು. ಜೋರಾಗಿ ಬಿಟ್ಟರೆ ಲೀಫ್ ಸ್ಪ್ರಿಂಗ್ ಮುರುಟಿಕೊಂಡು ಹಿಂದಿನ ಚಕ್ರ ಕುಪ್ಪಳಿಸುತ್ತದೆ. ಆಕ್ಸೆಲ್ ಮೇಲಿಂದ ಮುಂದಕ್ಕೆ ಚಾಸಿಗೆ ಒಂದು ರಾಡ್ ಕೊಡೋಣ ಅನ್ನುತ್ತಾನೆ ಮೇಸ್ತ್ರಿ. ಅದು ಬರಬೇಕಾದ ಜಾಗದಲ್ಲಿ ಸದ್ಯಕ್ಕೆ ನನ್ನ ಎಡ ಮೊಣಕೈ ಇದೆ.