ಪರಿಹಾರ ನಿಧಿಯ ಸಂಗೀತ ಸಂಜೆಗೆ ಹಾಡುಗಳನ್ನು ಆರಿಸಿದ ಬಗೆ

ಪ್ರವಾಹ ಸಂತ್ರಸ್ತರ ನೆರವಿಗಾಗಿ ನಡೆಯಲಿದ್ದ ಸಂಗೀತ ಸಂಜೆಗೆ ಹಾಡುಗಳನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ಗಾಯಕರು ಅದಾಗಲೇ ತಮಗೆ ಒಗ್ಗಿದ ಹಾಡುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡಿದ್ದರು. ಅವೆಲ್ಲ ಹಿಂದೆ ಸಭೆಯ ಮೆಚ್ಚುಗೆ ಗಳಿಸಿದ ಹಾಡುಗಳೇ. ಆದರೆ ಈ ಸಲ ದಾನಿಗಳ ನಡುವೆ ಮನೆಮಠ ಕಳೆದುಕೊಂಡ ಕುಟುಂಬಗಳೂ ಕುಳಿತಿರುತ್ತವೆ ಎಂಬುದು ಗೊತ್ತಿದ್ದುದರಿಂದ, ಅವರು ಕೇಳಿದರೆ ಹೇಗನ್ನಿಸೀತು ಎಂದು ಯೋಚಿಸದೆ ಒಂದು ಹಾಡನ್ನೂ ಒಪ್ಪಬಾರದೆಂದು ನಿರ್ಧರಿಸಿದೆ.

ಅದಕ್ಕಾಗಿ ರಾಗ, ತಾಳಗಳನ್ನು ಬದಿಗಿಟ್ಟು, ಸಾಹಿತ್ಯವನ್ನಷ್ಟೇ ಪಲ್ಲವಿಯಿಂದ ಕೊನೆಯ ಚರಣದವರೆಗೆ ಎಲ್ಲರೂ ಕೂಡಿ ಗಟ್ಟಿಯಾಗಿ ಓದಿದೆವು. ಹಾಡಿ ಹಾಡಿ ಬಾಯಿಪಾಠವಾದ ಸಾಲುಗಳ ಅರ್ಥದ ಕಡೆಗೆ ಹಾಡುವವರ ಗಮನವೇ ಹೋಗುವುದಿಲ್ಲ. ಎಲ್ಲರ ಮೆಚ್ಚಿನ ಪ್ರೇಮಗೀತೆಯೊಂದರ ಪಲ್ಲವಿಯಲ್ಲಿ ಯಾವ ತೊಡಕೂ ಇರಲಿಲ್ಲ. ಎರಡನೆಯ ಚರಣದಲ್ಲಿ ಮಾತ್ರ ಪ್ರೇಮಿಯು ಒಲವಿನ ಹೊಳೆಯಲ್ಲಿ ಕೊಚ್ಚಿಹೋಗುವ ಸುಖವನ್ನು ಬಣ್ಣಿಸುತ್ತಿದ್ದ. ಓದುತ್ತಿದ್ದ ಗಾಯಕಿ ಅಲ್ಲಿಗೇ ನಿಲ್ಲಿಸಿ, ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟರು. ಮಳೆಯನ್ನು ಹಾಡಿ ಹೊಗಳುವ ಗೀತೆಗಳನ್ನೂ ಹೀಗೆಯೇ ಕೈಬಿಟ್ಟೆವು. ಅಮೃತವರ್ಷಿಣಿ ರಾಗವನ್ನು ಹಾಡಿದರೆ ಮಳೆ ಬರುತ್ತದೆಂಬ ನಂಬಿಕೆ ಸಂಗೀತ ಬಲ್ಲವರಲ್ಲಿ ಪ್ರಚಲಿತವಾಗಿರುವುದರಿಂದ ಆ ರಾಗದ ಕೀರ್ತನೆಯೂ ಬೇಡವೆಂದೆ. ಬರಪೀಡಿತರ ನೆರವಿನ ಕಾರ್ಯಕ್ರಮವಾಗಿದ್ದರೆ ಅದನ್ನೇ ಮೊದಲಿಗೆ ಇಡುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಭಕ್ತಿಗೀತೆಗಳ ಬಗ್ಗೆ. ದೇವರ ನಾಮವೆಂದ ಮೇಲೆ ಹಿಂದುಮುಂದು ನೋಡಬೇಕಾಗಿಲ್ಲ ಎಂಬುದು ಹಲವರ ಅಭಿಪ್ರಾಯವಾಗಿತ್ತು. ಆದರೆ ಕಷ್ಟವೆಲ್ಲ ಹಿಂದಿನ ಕರ್ಮದ ಫಲವೆಂದು ಸಾರುವ ಹಾಡು, ಮಕ್ಕಳನ್ನು ಕಳೆದುಕೊಂಡ ತಾಯಿಗೆ ತಪ್ಪು ನಿನ್ನದೇ ಎಂದು ಹೇಳಿದಂತಾಗುತ್ತದೆ. ನಂಬಿದವರನ್ನು ದೇವರು ಎಂದೂ ಮುಳುಗಲು ಬಿಡುವುದಿಲ್ಲ ಎಂಬ ಹಾಡಂತೂ ಇನ್ನೂ ನೋಯಿಸುತ್ತದೆ, ಏಕೆಂದರೆ ಮುಳುಗಿದವರೂ ನಂಬಿದವರೇ ಆಗಿದ್ದರು. ಜೊತೆಗಿರು, ಧೈರ್ಯ ಕೊಡು ಎಂದಷ್ಟೇ ಬೇಡುವ ರಚನೆಗಳನ್ನು ಉಳಿಸಿಕೊಂಡೆವು.

ಹಾಗೆಂದು ಸಂಜೆಯುದ್ದಕ್ಕೂ ಶೋಕಗೀತೆಗಳನ್ನೇ ಹಾಡುವುದೂ ನನಗೆ ಸರಿಕಾಣಲಿಲ್ಲ. ನೊಂದವರನ್ನು ಮತ್ತೆ ಅಳಿಸಿ ದಾನಿಗಳ ಮನ ಕರಗಿಸುವುದು ಗೌರವದ ದಾರಿಯಲ್ಲ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆದ ಕಛೇರಿ, ರವಿಶಂಕರ್ ಮತ್ತು ಅಲಿ ಅಕ್ಬರ್ ಖಾನ್ ಅವರ ಸಿತಾರ್–ಸರೋದ್ ಜುಗಲ್‌ಬಂದಿಯಿಂದ ಆರಂಭವಾಯಿತು. ಅವರು ನುಡಿಸಿದ್ದು ಬಂಗಾಳದ ಜನಪದ ಧಾಟಿಯನ್ನು ಆಧರಿಸಿದ ಧುನ್ ಎಂಬ ಲಘು ರಚನೆ. ಒಂದು ಮಾತೂ ಇಲ್ಲದೆ ಆ ನೆಲದ ಜನರನ್ನು ಕಣ್ಮುಂದೆ ತರಲು ಅವರದೇ ಧಾಟಿ ಸಾಕು ಎಂಬುದು ನನ್ನ ನಂಬಿಕೆ. ಅದೇ ಜಾಡಿನಲ್ಲಿ ನಾವೂ ಸಂತ್ರಸ್ತ ಪ್ರದೇಶದ ಸುಗ್ಗಿ ಹಾಡಿನ ಧಾಟಿಯೊಂದನ್ನು ಕೊಳಲಿನಲ್ಲಿ ನುಡಿಸಿ ಕಾರ್ಯಕ್ರಮವನ್ನು ಆರಂಭಿಸಿದೆವು.

ದೇಣಿಗೆಯ ಮನವಿಗೆ ಮುಂಚಿನ ಹಾಡನ್ನು ವಿಶೇಷ ಎಚ್ಚರದಿಂದ ಆರಿಸಬೇಕು. ಚಪ್ಪಾಳೆ, ಶಿಳ್ಳೆಗಳ ಅಬ್ಬರ ಎಬ್ಬಿಸುವ ಹಾಡಿನ ಬೆನ್ನಿಗೇ ಮನವಿ ಮಾಡಿದರೆ ಅದು ಗದ್ದಲದಲ್ಲಿ ಕಳೆದುಹೋಗುತ್ತದೆ. ನಾನು ಅಲ್ಲಿ ಮಧ್ಯಮ ಲಯದ, ಊರು ಮತ್ತೆ ಕಟ್ಟುವ ಆಶಯದ ಗೀತೆಯನ್ನಿಟ್ಟು, ಮನವಿಯ ನಂತರ ಸ್ವಯಂಸೇವಕರು ಸಾಲುಗಳ ನಡುವೆ ಸುತ್ತುವಷ್ಟು ಹೊತ್ತು ವೀಣೆ ಮಾತ್ರ ನುಡಿಯುವಂತೆ ಏರ್ಪಾಟು ಮಾಡಿದೆ. ಇದಕ್ಕಾಗಿ ಹಿರಿಯ ಗಾಯಕರೊಬ್ಬರ ಹಾಡನ್ನು ಬಿಡಬೇಕಾಯಿತು. 1985ರ ಲೈವ್ ಏಡ್ ಎಂಬ ನೆರವಿನ ಸಂಗೀತ ಕಾರ್ಯಕ್ರಮದಲ್ಲಿ ಇಥಿಯೋಪಿಯದ ಕ್ಷಾಮದ ದೃಶ್ಯಗಳನ್ನು ತೋರಿಸಲು ಸಮಯ ಸಿಗಲೆಂದು ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿ ತಮ್ಮ ಒಂದು ಹಾಡನ್ನು ಬಿಟ್ಟುಕೊಟ್ಟಿದ್ದನ್ನು ಅವರಿಗೆ ನೆನಪಿಸಿದೆ. ಅವರು ಸಂತೋಷದಿಂದಲೇ ಒಪ್ಪಿದರು.

ಸತ್ಕಾರ್ಯವೆಂಬ ಕಾರಣಕ್ಕೆ ಹಕ್ಕುಸ್ವಾಮ್ಯದ ನಿಯಮಗಳು ತಾವಾಗಿ ಸಡಿಲಗೊಳ್ಳುವುದಿಲ್ಲವಾದ್ದರಿಂದ, ಪಟ್ಟಿ ಅಂತಿಮವಾದೊಡನೆ ಹಾಡುಗಳ ಅನುಮತಿಗೆ ಬರೆದೆವು.

ಕೊನೆಯದಾಗಿ ಸಭಿಕರೂ ದನಿಗೂಡಿಸಬಲ್ಲ ಸಮೂಹಗೀತೆಯನ್ನು ಆರಿಸಿದೆವು. ಅದರ ಮೇಲಿನ ಸ್ವರಗಳು ಸಾಮಾನ್ಯರ ಗಂಟಲಿಗೆ ನಿಲುಕುತ್ತಿರಲಿಲ್ಲವಾದ್ದರಿಂದ ಶ್ರುತಿಯನ್ನು ಎರಡು ಮನೆ (ಸ್ವರಸ್ಥಾನ) ಇಳಿಸಿ, ಪಲ್ಲವಿಯನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿಸಿ ಪ್ರತಿಯೊಂದು ಆಸನದ ಮೇಲೂ ಇರಿಸಿದೆವು.